ಮನೆ ಮುಂದೆ ನಿಂತಿದ್ದ ಜೀಪು

ಪೊಲೀಸ್ ಜೀಪು ಮನೆ ಮುಂದೆ ನಿಂತರೆ ಒಳಗಿರುವವರು ಕಳ್ಳರೇ ಎಂದು ನಮ್ಮೂರು ಎಂದೋ ತೀರ್ಮಾನಿಸಿಬಿಟ್ಟಿದೆ. ಅವತ್ತು ಜೀಪು ಬಂದದ್ದು ಪಕ್ಕದ ಹಟ್ಟಿಯವರ ಕುರಿ ಕಳುವಾದ ವಿಚಾರ ಕೇಳಲು. ಬಾಗಿಲಲ್ಲೇ ಕೇಳಿ ಹೋಗಬಹುದಿತ್ತು. ನಮ್ಮಕ್ಕ ಬಿಡಬೇಕಲ್ಲ! ಬಂದವರನ್ನು ಹೊಸ್ತಿಲಿನಿಂದಲೇ ಕಳಿಸುವುದು ಕುರಿ ಸಾಕುವ ನಮ್ಮಂಥ ಮನೆಗಳಲ್ಲಿ ದೊಡ್ಡ ತಪ್ಪು. ಕರಿಕಂಬಳಿ ಹಾಸಿ, "ಕುಂತ್ಕಳ್ರಿ ಸಾಹೇಬ್ರೆ, ಬಿಸಿಲಾಗೆ ಬಂದೀರ" ಎಂದು ಸಬ್ ಇನ್ಸ್‌ಪೆಕ್ಟರಿಗೆ ಮಜ್ಜಿಗೆ ಕೊಟ್ಟಳು. ಮಾತು ಕುರಿಯಿಂದ ಮಳೆಗೆ, ಮಳೆಯಿಂದ ಮೆಕ್ಕೆಜೋಳಕ್ಕೆ ಹೋಯಿತು. ಜೀಪು ಹೊರಗೆ ನಿಂತೇ ಇತ್ತು.

ಅಕ್ಕ ಆಗ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಚುನಾವಣೆ ಹತ್ತಿರವಿತ್ತು, ಮತ್ತೆ ನಿಂತಿದ್ದಳು. ಸಂಜೆಯೊಳಗೆ ಆ ಜೀಪಿನ ಫೋಟೊ ಎಲ್ಲರ ಮೊಬೈಲಿಗೂ ಬಂತು: "ಅಧ್ಯಕ್ಷೆ ಮನೆಗೆ ಪೊಲೀಸರು. ಕುಡಿಯುವ ನೀರಿನ ಕಾಮಗಾರಿ ತನಿಖೆ ಶುರು." ಮರುದಿನ ಎದುರು ಗುಂಪಿನವರು ಆಟೋಗೆ ಮೈಕು ಕಟ್ಟಿಕೊಂಡು ಬೀದಿಬೀದಿಯಲ್ಲಿ ಅದನ್ನೇ ಸಾರಿದರು.

ಸುದ್ದಿ ತಿಳಿದು ನಾನು ಕೆಲಸದಲ್ಲಿದ್ದ ಹೊಸದುರ್ಗದಿಂದ ಬಂದು ಅಕ್ಕನ ಜೊತೆ ಠಾಣೆಗೆ ಹೋದೆ. ಮಜ್ಜಿಗೆ ಕುಡಿದಿದ್ದ ಅದೇ ಸಬ್ ಇನ್ಸ್‌ಪೆಕ್ಟರ್ ಹೇಳಿದರು: "ನೋಡಮ್ಮ, ಎಲೆಕ್ಷನ್ ಟೈಮು. ತನಿಖೆ ಐತೆ ಅಂತಾನೂ ಹೇಳಂಗಿಲ್ಲ, ಇಲ್ಲ ಅಂತಾನೂ ಹೇಳಂಗಿಲ್ಲ. ಇವತ್ತು ನಿಮ್ಗೆ ಇಲ್ಲ ಅಂದ್ರೆ, ನಾಳೆ ಇನ್ನೊಬ್ರ ವಿಚಾರಕ್ಕೆ ಸುಮ್ನಿದ್ರೆ ಐತೆ ಅಂತ್ಲೇ ಆಗ್ತದೆ."

ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ನಿಜವಾದ ತನಿಖೆಯನ್ನು ಡಂಗುರ ಸಾರಿದರೆ ಸಾಕ್ಷಿ ಮಾಯವಾಗುತ್ತದೆ. ಗುಟ್ಟು ಬೇಕು, ಒಪ್ಪಿದೆ. ಆದರೆ ಇಲ್ಲದ ತನಿಖೆಗೆ ಎಂಥ ಗುಟ್ಟು? ಅಕ್ಕ ಕೇಳಿದ್ದಾದರೂ ಏನು? "ನನ್ ಮೇಲೆ ಏನೈತೆ ಏನಿಲ್ಲ ಹೇಳಬ್ಯಾಡ್ರಿ. ಜೀಪು ಕುರಿ ವಿಚಾರಕ್ಕೆ ಬಂದಿತ್ತು ಅಂತ ಒಂದ್ ಮಾತು ಹೇಳ್ರಿ ಸಾಕು." ಮೇಲಿನವರನ್ನು ಕೇಳಬೇಕು ಎಂದರು. ಆ ಮೇಲಿನವರು ಎಷ್ಟು ಮೇಲಿದ್ದರೋ, ಉತ್ತರ ಇಳಿದು ಬರಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಇವರ ಜೀಪನ್ನೇ ತೋರಿಸಿ ಯಾರೋ ನಮ್ಮಕ್ಕನ ಮಾನ ಕಳೆಯುತ್ತಿದ್ದರೆ, ಇವರು ಕೈಕಟ್ಟಿ ಕುಳಿತು ಅದಕ್ಕೆ ನಿಷ್ಪಕ್ಷಪಾತ ಎಂದು ಹೆಸರಿಟ್ಟಿದ್ದರು!

ಅಕ್ಕ ಸೋತಳು. ಸೋಲಿಗಿಂತ ಅವಳನ್ನು ನೋಯಿಸಿದ್ದು, ಅವಳು ನಲ್ಲಿಯ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದುದು. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಎಂದು ಒಬ್ಬಳು ಕೇಳಿಯೂ ಬಿಟ್ಟಳಂತೆ.

ಫಲಿತಾಂಶವಾದ ಮೇಲೊಂದು ದಿನ ಅದೇ ಸಬ್ ಇನ್ಸ್‌ಪೆಕ್ಟರ್ ಮತ್ತೆ ಬಂದರು. ಈ ಸಲ ಮಫ್ತಿಯಲ್ಲಿ, ಬೈಕಿನ ಮೇಲೆ. ದನಿ ತಗ್ಗಿಸಿ, "ಬೇಜಾರ್ ಮಾಡ್ಕಬ್ಯಾಡ್ರಿ ಅಮ್ಮ. ನಿಮ್ ಮೇಲೆ ತನಿಖೆ ಗಿನಿಖೆ ಏನೂ ಇರ್ಲಿಲ್ಲ. ನಮ್ಗೆ ಗೊತ್ತಿತ್ತು" ಎಂದರು.

ಗೊತ್ತಿತ್ತಂತೆ! ಬಾಯಿಗೆ ಬಂದದ್ದನ್ನು ಅಂದುಬಿಡಬೇಕೆಂದು ನಾನು ಎದ್ದೆ. ಅಕ್ಕ ನನ್ನನ್ನು ತಡೆದು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ನಡೆದಳು. ಊರವರು ಹರಟುತ್ತ ಕುಳಿತಿದ್ದ ಬೇವಿನ ಕಟ್ಟೆಯ ಮೇಲೆ ಅದನ್ನು ಹಾಸಿದಳು. ನಮ್ಮಲ್ಲಿ ನ್ಯಾಯಕ್ಕೆ ಕೂರುವುದು ಅಲ್ಲೇ, ಕಂಬಳಿಯ ಮೇಲೆ ಕುಳಿತು ಯಾರೂ ಸುಳ್ಳಾಡುವುದಿಲ್ಲ.

"ಬರ್ರಿ ಸಾಹೇಬ್ರೆ, ಇಲ್ಲಿ ಕುಂತ್ಕಳ್ರಿ. ಒಳಗೆ ಹೇಳಿದ್ದನ್ನ ಇಲ್ಲೊಂದ್ಸಲ ಹೇಳ್ರಿ. ಮಜ್ಜಿಗೆ ಇಲ್ಲಿಗೇ ತರ್ತೀನಿ."

ಅವಳು ಚೊಂಬು ಹಿಡಿದು ಬರುವಷ್ಟರಲ್ಲಿ ಅವರು ಬೈಕು ಹತ್ತಿ ಹೋಗಿದ್ದರು. ಕಂಬಳಿ ಖಾಲಿ ಇತ್ತು. ಕಟ್ಟೆಯ ಮೇಲಿದ್ದವನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ನೋಡಿದ್ಯೇನಪ್ಪ, ಸಾಹೇಬ್ರು ತನಿಖೆ ಇಲ್ಲ ಅನ್ಲಿಲ್ಲ."