ಗಂಡಪೆಂಡೇರದ ಅರ್ಥ ಹೇಳಿದ್ದು ನಾನು

ಕಾಲುವೆ ನೀರು ಬಂದು ವರ್ಷಕ್ಕೆ ಎರಡು ಬೆಳೆ ಭತ್ತ ಕೈಗೆ ಹತ್ತಿದ ಮೇಲೆ ಕಂಪ್ಲಿಯ ದೊಡ್ಡವರಿಗೆ ಸನ್ಮಾನದ ಹುಚ್ಚು ಹಿಡಿಯಿತು. ಶಾಲು, ಹಾರ ಸಾಲದಾದವು. ರೈಸ್ ಮಿಲ್ಲಿನ ಧಣಿಯೊಬ್ಬನಿಗೆ ಗಂಡಪೆಂಡೇರವೇ ಬೇಕೆನಿಸಿತು. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವನು ನಡೆಸುತ್ತಿದ್ದ ಶಾಲೆಯಲ್ಲಿ ಆಗ ನಾನು ಕನ್ನಡ ಕಲಿಸುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ದಿನ ಕರೆಸಿದ.

"ಅಕ್ಕೋರ, ಗಂಡಪೆಂಡೇರ ಅಂದ್ರ ಏನು ಅಂತ ಸ್ಟೇಜಿನ ಮ್ಯಾಲ ನೀವ ಹೇಳ್ರಿ. ಮಂದಿಗೆ ತಿಳೀಬೇಕು."

ನಿಘಂಟು ತಿರುವಿ ಹಾಕಿ ಬರೆದೆ. ಗಂಡ ಎಂದರೆ ಇಲ್ಲಿ ಶೂರ, ಪೆಂಡೇರ ಎಂದರೆ ಕಾಲಿನ ಕಡಗ. ಮೊದಲು ಯುದ್ಧದಲ್ಲಿ ಗೆದ್ದವನಿಗೆ, ಆಮೇಲೆ ಸಭೆಯಲ್ಲಿ ಗೆದ್ದ ಪಂಡಿತನಿಗೆ. ಅರಸನೇ ಬಗ್ಗಿ ಪಂಡಿತನ ಕಾಲಿಗೆ ತೊಡಿಸುತ್ತಿದ್ದನಂತೆ. ವಿದ್ಯೆಯ ಮುಂದೆ ಅಧಿಕಾರ ಬಗ್ಗಿದ ಗುರುತು ಇದು ಎಂದು ಕೊನೆಗೊಂದು ಸಾಲು ಸೇರಿಸಿದೆ. ಅದು ಅವನಿಗೆ ಚುಚ್ಚಲಿ ಎಂದೇ ಸೇರಿಸಿದ್ದೆ. ಚುಚ್ಚುವುದೆಲ್ಲಿ ಬಂತು!

"ಹಂಗಾರ ಯಾರಾರ ದೊಡ್ಡೋರು ಬಗ್ಗಿ ಹಾಕಬೇಕಲ್ರಿ," ಎಂದ. "ನಿಮ್ಮಪ್ಪಾರ್ನ ಕರೀರಿ. ನನಗ ಗೆಜ್ಜಿ ಕಟ್ಟಿದೋರು ಅವರ."

ಅಪ್ಪ ಬಯಲಾಟದ ಮಾಸ್ತರ. ಧಣಿ ಹುಡುಗುಪ್ರಾಯದಲ್ಲಿ ಅವನ ಹತ್ತಿರ ಕುಣಿತ ಕಲಿತಿದ್ದ. ಆಟದ ದಿನ ಶಿಷ್ಯ ಮೊದಲು ಮಾಸ್ತರನ ಕಾಲಿಗೆ ಹಣೆ ಹಚ್ಚಬೇಕು, ಆಮೇಲೆಯೇ ಮಾಸ್ತರ ಅವನ ಕಾಲಿಗೆ ಗೆಜ್ಜೆ ಕಟ್ಟುವುದು. ಗೌಡರ ಮಗನಾದರೂ ಅಷ್ಟೇ. ಹಣೆ ಹಚ್ಚದವನಿಗೆ ಅಪ್ಪ ಎಂದೂ ಗೆಜ್ಜೆ ಕಟ್ಟಿದವನಲ್ಲ.

ಸಮಾರಂಭದ ದಿನ ನಾನು ಮೈಕು ಹಿಡಿದು ಅರ್ಥ ಹೇಳಿ ಮುಗಿಸಿದೆ. ಧಣಿ ಕುರ್ಚಿಯಲ್ಲಿ ಕೂತು ಎಡಗಾಲು ಮುಂದೆ ಚಾಚಿದ. ಎಪ್ಪತ್ತು ದಾಟಿದ ಅಪ್ಪ ಮೇಜು ಹಿಡಿದುಕೊಂಡು ನಿಧಾನಕ್ಕೆ ಮಂಡಿಯೂರಿದ. ಬಂಗಾರದ ಕಡಗ ಕೈಯಲ್ಲಿ ಹಿಡಿದು ಸುಮ್ಮನೆ ಕಾದ. ಯಾವುದಕ್ಕೆ ಕಾಯುತ್ತಿದ್ದಾನೆಂದು ನನಗೆ ತಿಳಿಯಿತು. ಧಣಿ ಮಾತ್ರ ಫೋಟೋದವನ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದ. ಚಾಚಿದ ಕಾಲು ಹಿಂದಕ್ಕೆ ಹೋಗಲಿಲ್ಲ.

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ.

ಮೊದಲು ಮಾಸ್ತರಿಗೆ ನಮಸ್ಕಾರ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟು ಮಂದಿಯ ಎದುರು ಧಣಿ ಏಳಲೇಬೇಕಿತ್ತು. ನನಗೆ ಕೆಲಸದ ನೆನಪಾಯಿತು. ಕೈಯಲ್ಲಿದ್ದ ಹಾಳೆ ಮಡಚಿದೆ. ಅಪ್ಪ ಕಡಗ ತೊಡಿಸಿದ. ಚಪ್ಪಾಳೆಯೋ ಚಪ್ಪಾಳೆ.

ಮನೆಗೆ ಬಂದು ಅಪ್ಪ ಬಚ್ಚಲಲ್ಲಿ ಕೈ ತೊಳೆಯುತ್ತ ನಿಂತ. ನಾನು ಧಣಿಯ ಸೊಕ್ಕು, ಅವನ ದುಡ್ಡಿನ ಮದ, ಅವನ ವಂಶ ಎಲ್ಲವನ್ನೂ ಬಾಯಿಗೆ ಬಂದಂತೆ ಬೈದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ಅವ ಪದ್ಧತಿ ಮರ್ತಾನ, ಬಿಡವ್ವಾ," ಎಂದ. "ಮೈಕು ನಿನ್ನ ಕೈಯಾಗ ಇತ್ತಲ್ಲ."

ಆ ಜೂನಿನಲ್ಲಿ ನನ್ನ ಕೆಲಸ ಕಾಯಂ ಆಯಿತು.