ನಮ್ಮವರ ಒಪೆರಾ

ಮೊನ್ನೆ ಸಂಜೆ ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಮಕ್ಕಳ ನಾಟಕವಿತ್ತು. ಬೇಸಿಗೆ ರಜೆಯ ಉಪದ್ರವ. ಆಟ ಮುಗಿದ ಮೇಲೆ ರಾಕ್ಷಸ, ರಾಣಿ, ಎರಡು ಮೊಲ ಎಲ್ಲರೂ ನಮ್ಮ ಬಾಗಿಲ ಮುಂದಿನ ಮೆಟ್ಟಿಲಲ್ಲಿ ಕೂತು ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯತೊಡಗಿದರು. ಬಣ್ಣ ಬೆರೆತ ಎಣ್ಣೆಯ ಆ ವಾಸನೆ ಒಳಗೆ ಬಂದದ್ದೇ ತಡ, ನನಗೆ ನಮ್ಮವರ ಹಳೆಯ ಶರ್ಟುಗಳ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಅಂಧೇರಿಯ ಚಾಳಿನ ನಲ್ಲಿಯ ಬುಡದಲ್ಲಿ ಕೂತು ಆ ಶರ್ಟುಗಳ ಕಾಲರು ಉಜ್ಜಿ ಉಜ್ಜಿ ನನ್ನ ಬೆರಳು ಸವೆದಿವೆ. ಕೆಂಪು ಕಲೆ ಕಂಡು ಅಕ್ಕಪಕ್ಕದ ಹೆಂಗಸರು ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು. ಅದು ಯಾವ ಹೆಣ್ಣಿನ ಉಪಕಾರವೂ ಅಲ್ಲ, ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವ ಐತಪ್ಪಣ್ಣನಿಗೆ ರಾಣಿಯ ವೇಷ ಕಟ್ಟುವಾಗ ಹತ್ತಿದ್ದು ಎಂದು ಅವರಿಗೆ ಹೇಗೆ ವಿವರಿಸಲಿ ಹೇಳಿ.

ನಮ್ಮವರು ಯಾರೆಂದು ಹೇಳಲೇ ಇಲ್ಲ ಅಲ್ಲವೇ? ಯೂರೋಪಿನ ಊರೂರುಗಳಲ್ಲಿ ಒಪೆರಾ ನಿರ್ದೇಶಿಸಿದವರು. ಒಪೆರಾ ಅಂದರೆ ಮಾತೆಲ್ಲವನ್ನೂ ಹಾಡಿಯೇ ಹೇಳುವ ನಾಟಕ. ಹೀಗಂದ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ನಾನು ಅವರನ್ನು ಮೊದಲು ಕಂಡಾಗ ಅವರು ಬ್ಯಾಂಕಿನ ಗುಮಾಸ್ತ, ಸಂಜೆಯ ಹೊತ್ತು ಕನ್ನಡ ಸಂಘದ ನಾಟಕದ ಹುಚ್ಚ.

ಕಂಡದ್ದು ಹೆಣ್ಣು ನೋಡುವ ಶಾಸ್ತ್ರದಲ್ಲಿ. ನಾನು ತಲೆ ತಗ್ಗಿಸಿಕೊಂಡು ಕಾಫಿಯ ತಟ್ಟೆ ತಂದೆ. ನೆರೆದ ಹಿರಿಯರ ಮುಂದೆ ಈ ಪುಣ್ಯಾತ್ಮ, "ಇನ್ನೊಮ್ಮೆ ಬರ್ತೀರಾ? ಕಿಟಕಿ ಬದಿಯಿಂದ. ಮುಖಕ್ಕೆ ಬೆಳಕು ಬೀಳ್ಲಿಲ್ಲ" ಎಂದರು. ಅಪ್ಪನ ಮೀಸೆ ಕುಣಿಯಿತು. ನಾನು ತಟ್ಟೆ ಸಮೇತ ಒಳಗೆ ಹೋಗಿ ಕಿಟಕಿಯ ಬದಿಯಿಂದ ಬಂದೆ. ಅವರು ಹೋದ ಮೇಲೆ, ಇಂಥ ಅರೆಮರುಳನಿಗೆ ಮಗಳನ್ನು ಕೊಡುವುದಿಲ್ಲ ಎಂದು ಅಪ್ಪ ಕೂಗಾಡಿದರು. ಸುಳ್ಳೇಕೆ ಹೇಳಲಿ, ಎರಡನೆಯ ಸಲ ಬರುವಾಗ ನಾನೂ ಚಂದ ಇದ್ದೇನೆ ಎಂದು ಜೀವನದಲ್ಲಿ ಮೊದಲ ಬಾರಿಗೆ ಅನ್ನಿಸಿತ್ತು. ಹಾಗಾಗಿ ಹಟ ಹಿಡಿದು ಅವರನ್ನೇ ಕಟ್ಟಿಕೊಂಡೆ.

ಭಾನುವಾರ ಬಂತೆಂದರೆ ಲೋಕಲ್ ಹಿಡಿದು ಬಾಂದ್ರಾಕ್ಕೆ. ಅಲ್ಲಿ ಸಿನೆಮಾಗಳಿಗೆ ಪಿಟೀಲು ನುಡಿಸುವ ಗೋವೆಯ ಮುದುಕರೊಬ್ಬರಿದ್ದರು. ಅವರ ಮನೆಯ ಗ್ರಾಮಾಫೋನಿನಲ್ಲಿ ಒಪೆರಾ ಕೇಳುವುದು ಇವರಿಗೆ ಪೂಜೆ ಇದ್ದಂತೆ. ಮೊದಲ ಸಲ ಕೇಳಿದಾಗ, ಯಾರದೋ ಮನೆಗೆ ಕಳ್ಳರು ನುಗ್ಗಿದ್ದಾರೆ ಎಂದೇ ನಾನು ಭಾವಿಸಿದ್ದು. ಹೆಂಗಸು ಸಾಯುತ್ತಿದ್ದಾಳೆ ಎಂದು ಇವರು ವಿವರಿಸಿದರು. ಸಾಯುವವಳಿಗೆ ಅಷ್ಟು ದಮ್ಮು ಎಲ್ಲಿಂದ ಎಂದು ಕೇಳಿದೆ. ನಮ್ಮ ಯಕ್ಷಗಾನದಲ್ಲಿ ಬಾಣ ತಾಗಿದವನು ಇನ್ನೂ ಅರ್ಧ ಗಂಟೆ ಕುಣಿಯುವುದಿಲ್ಲವೇ ಎಂದರು.

ಎಪ್ಪತ್ತರ ದಶಕದ ಆರಂಭವಿರಬೇಕು, ಜರ್ಮನಿಯ ಒಂದು ಒಪೆರಾ ತಂಡ ಮುಂಬಯಿಗೆ ಬಂತು. ಹಾಡುವವರೇನೋ ಅವರೇ, ಊರ ಜನರಾಗಿ ಹಿಂದೆ ಓಡಾಡಲು ಒಂದಷ್ಟು ಮಂದಿ ಬೇಕಿತ್ತು. ಪಿಟೀಲಿನ ಮುದುಕರ ಮೂಲಕ ಆ ಕೆಲಸ ಇವರಿಗೆ ಬಂತು. ಇವರು ಸಂಘದವರನ್ನೆಲ್ಲ ಗುಡಿಸಿ ತಂದರು, ನನ್ನನ್ನೂ ಬಿಡಲಿಲ್ಲ. ನೆರಿಗೆಲಂಗ, ತಲೆಗೊಂದು ವಸ್ತ್ರ, ಕಾಲಿಗೆ ಬೂಟು. ಕನ್ನಡಿಯಲ್ಲಿ ನೋಡಿಕೊಂಡರೆ ಮೂಟೆಯೊಂದಕ್ಕೆ ಕಣ್ಣು ಬಂದ ಹಾಗಿತ್ತು.

ತಾಲೀಮು ಶುರುವಾಯಿತು. ಸಂಜೆಯ ಪ್ರಾರ್ಥನೆಗೆ ಊರವರು ಬೀದಿ ದಾಟಿ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವ ದೃಶ್ಯ. ಸನ್ನೆ ಸಿಕ್ಕಿತು. ನಾವೆಲ್ಲ ಪರದೆಯ ಮರೆಯಲ್ಲಿ ಬೂಟು ಕಳಚಿಟ್ಟು, ಬರಿಗಾಲಲ್ಲಿ ಬಂದು, ಬಗ್ಗಿ ರಂಗದ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಸಾಲಾಗಿ ನಿಂತೆವು. ವೇಷ ಹಾಕಿದವರು ರಂಗಸ್ಥಳಕ್ಕೆ ಕಾಲಿಡುವಾಗ ಮತ್ತೇನು ಮಾಡುತ್ತಾರೆ? ಯೂರೋಪಿನ ಆ ಊರಿನಲ್ಲಿ ನನ್ನ ಕಾಲುಂಗುರ ಫಳಫಳ ಹೊಳೆಯುತ್ತಿತ್ತು.

ಜರ್ಮನಿಯ ನಿರ್ದೇಶಕರು ಕೆಂಡವಾದರು. ಇನ್ನೊಮ್ಮೆ ಮಾಡಿಸಿದರೂ ಅದೇ ಕಥೆ. ಈ ಜನ ಬೇಡ, ಬೇರೆಯವರನ್ನು ತನ್ನಿ ಎಂದರಂತೆ. ಇತ್ತ ಐತಪ್ಪಣ್ಣನೂ ಸೆಟೆದು ನಿಂತರು. ಊರಲ್ಲಿ ಯಕ್ಷಗಾನ ಮೇಳದಲ್ಲಿ ಕುಣಿದ ಹಿರಿಯರು, ಅವರ ಮಾತೆಂದರೆ ಉಳಿದವರಿಗೆ ವೇದವಾಕ್ಯ. ಮೆಟ್ಟು ಹಾಕಿ ರಂಗ ಹತ್ತುವ ಕರ್ಮ ನಮಗೆ ಬೇಡ, ನಡೀರಿ ಮನೆಗೆ ಎಂದುಬಿಟ್ಟರು. ನಮ್ಮವರ ಮುಖ ನೋಡಲಾಗಲಿಲ್ಲ. ಅಷ್ಟು ವರ್ಷ ಗ್ರಾಮಾಫೋನಿನಲ್ಲಿ ಮಾತ್ರ ಕೇಳಿದ್ದು ಕೈಗೆ ಸಿಕ್ಕಿತ್ತು, ಈಗ ಜಾರುತ್ತಿತ್ತು.

ಅವರು ಇಗರ್ಜಿಯ ಬಾಗಿಲೆಂದು ನಿಲ್ಲಿಸಿದ್ದ ಮರದ ಚೌಕಟ್ಟಿನ ಹತ್ತಿರ ಹೋಗಿ ಐತಪ್ಪಣ್ಣನನ್ನು ಕರೆದರು. "ಐತಪ್ಪಣ್ಣ, ದೇವರು ಇರುದು ಈ ಹೊಸಿಲಿನ ಒಳಗೆ. ಇಲ್ಲಿ ತನಕ ಬರೇ ಬೀದಿ. ಬೀದಿಯಲ್ಲಿ ಮೆಟ್ಟು ಹಾಕಿ ನಡೀಬಹುದಲ್ಲ?"

ಐತಪ್ಪಣ್ಣ ಹಲಗೆ ನೋಡಿದರು, ಚೌಕಟ್ಟು ನೋಡಿದರು. ಬೀದಿ ಆದರೆ ಆದೀತು ಎಂದರು.

ಮತ್ತೆ ಸನ್ನೆಯಾಯಿತು. ಈ ಸಲ ಬೂಟು ಹಾಕಿಯೇ ಬೀದಿ ದಾಟಿದೆವು. ಬಾಗಿಲಲ್ಲಿ ಒಬ್ಬೊಬ್ಬರೇ ಬೂಟು ಕಳಚಿ, ಹೊಸಿಲು ಮುಟ್ಟಿ, ಕಣ್ಣಿಗೊತ್ತಿ ಒಳಗೆ ಹೋದೆವು. ಒಬ್ಬರು ಲಗುಬಗೆಯಿಂದ, ಒಬ್ಬರು ಸೊಂಟ ಹಿಡಿದುಕೊಂಡು, ಒಬ್ಬಳು ಹಿಂದಿನವಳಿಗೆ ದಾರಿ ಬಿಟ್ಟು. ಯಾರೂ ನಟಿಸಲಿಲ್ಲ, ನಟಿಸಲು ನಮಗೆ ಬರುತ್ತಲೂ ಇರಲಿಲ್ಲ. ಜರ್ಮನಿಯವರು ಕೂತಲ್ಲಿಂದ ಏಳಲಿಲ್ಲ. ಮತ್ತೊಮ್ಮೆ ಮಾಡಿಸಿದರು, ಬೈಯಲು ಅಲ್ಲ, ನೋಡಲು. ಆಮೇಲೆ ನಮ್ಮವರನ್ನು ಪಕ್ಕಕ್ಕೆ ಕರೆದು ಏನು ಉದ್ಯೋಗ ಎಂದು ವಿಚಾರಿಸಿದರು. ಬ್ಯಾಂಕಿಗೆ ಬೇರೆ ಜನ ಸಿಗುತ್ತಾರೆ, ನೀನು ನನ್ನ ಜೊತೆ ಸಹಾಯಕನಾಗಿ ಬಾ ಎಂದರು.

ಹೋದರು. ಒಂದೆರಡು ವರ್ಷದ ಮಾತು, ಕೆಲಸ ಕಲಿತು ಕಾಲೂರಿದ ಮೇಲೆ ನಿನ್ನನ್ನು ಕರೆಸಿಕೊಳ್ಳುತ್ತೇನೆ ಎಂದರು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳಿಸಿಕೊಂಡು ಉಳಿದೆ. ಅಲ್ಲಿ ಇವರು ಹಾಡುವವರು ಬಾರದ ದಿನ ಅವರ ಜಾಗದಲ್ಲಿ ನಿಂತರು, ಕುರ್ಚಿ ಹೊತ್ತರು, ಹಳೆಯ ಆಟಗಳನ್ನು ಬೇರೆ ಊರುಗಳಲ್ಲಿ ಮತ್ತೆ ಕೂಡಿಸಿದರು. ಕೊನೆಗೆ ಒಂದು ಸಣ್ಣ ಊರಿನಲ್ಲಿ ಇಡೀ ಒಪೆರಾವನ್ನು ಇವರ ಕೈಗೇ ಕೊಟ್ಟರು.

ಆಗ ಬಂತು ಆ ಟ್ರಂಕ್ ಕಾಲ್. ಇಡೀ ಚಾಳಿಗೆ ಫೋನಿದ್ದದ್ದು ಕೆಳಗಿನ ಡಾಕ್ಟರ ದವಾಖಾನೆಯಲ್ಲಿ ಮಾತ್ರ. ಕೆಮ್ಮುವವರ ನಡುವೆ ನಿಂತು ರಿಸೀವರ್ ಕಿವಿಗೆ ಹಿಡಿದೆ. ಆ ಕಡೆ ಇವರು. ಮುಖ್ಯ ಗಾಯಕ ಇವರ ಮಾತೇ ಕೇಳುವುದಿಲ್ಲವಂತೆ. ಸ್ವರಲಿಪಿ ಸರಿಯಾಗಿ ಓದಲು ಬಾರದವನು ನನಗೇನು ಹೇಳುವುದು ಎಂದು ಎಲ್ಲರೆದುರು ನಕ್ಕನಂತೆ.

"ಸಾಕು ಮಾರಾಯ್ತಿ. ನಾನು ಬಂದುಬಿಡ್ತೇನೆ. ಬರ್ಲಾ?"

ಅಯ್ಯೋ, ಅವರು ಬರಲಿ ಎಂದು ನಾನು ಹರಕೆ ಹೊರದ ದೇವರಿರಲಿಲ್ಲ. ಆದರೂ ಬಾಯಿಂದ ಬಂದದ್ದು, "ಬರಬೇಡಿ. ಆ ಆಟ ಮುಗಿಸಿ. ಆಮೇಲೆ ಬನ್ನಿ."

ಲೈನು ಕಡಿಯಿತು. ನಾನು ಬೆಂಚಿನ ಮೇಲೆ ಕುಸಿದು ಅಳತೊಡಗಿದೆ. ಎಂಥ ನೋವೆಂದು ತಿಳಿಯದೆ ಕಂಪೌಂಡರು ಒಂದು ಲೋಟ ಗುಲಾಬಿ ಬಣ್ಣದ ಮಿಕ್ಸ್ಚರ್ ಕೊಟ್ಟರು. ಅದನ್ನೂ ಕುಡಿದೆ.

ಆಟ ನಡೆಯಿತು, ಗೆದ್ದಿತು. ಮುಂದೆ ನಾನೂ ಹೋದೆ. ಊರು ಊರು ತಿರುಗಿದೆವು, ಇವರ ಹೆಸರು ಗೋಡೆಗಳ ಮೇಲೆ ಬಂತು. ಈಗ ಇಬ್ಬರೂ ಮುಂಬಯಿಗೆ ಮರಳಿ, ಕಾಂದಿವಲಿಯಲ್ಲಿ ಫ್ಯಾನಿನ ವೇಗದ ಬಗ್ಗೆ ಜಗಳವಾಡಿಕೊಂಡು ಸುಖವಾಗಿದ್ದೇವೆ.

ಆ ಫೋನಿನ ಮಾತನ್ನು ನಾವಿಬ್ಬರೂ ಎಂದೂ ಎತ್ತಿದವರಲ್ಲ. ಮೊನ್ನೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಏನು ತೋಚಿತೋ, ಅವರೇ ಕೇಳಿದರು. "ಅವತ್ತು ಬರಬೇಡಿ ಅಂದದ್ದು ಯಾಕೆ?"

"ಬನ್ನಿ ಅಂದಿದ್ರೆ ನೀವು ಬಂದುಬಿಡ್ತಿದ್ರಿ" ಎಂದೆ.

ಅವರು ತಲೆದೂಗಿದರು. "ನಾನು ಫೋನ್ ಮಾಡಿದ್ದು ಏರ್‌ಪೋರ್ಟಿನಿಂದ. ಪೆಟ್ಟಿಗೆ ಕಾಲ ಬುಡದಲ್ಲೇ ಇತ್ತು."

ಇಷ್ಟು ವರ್ಷ ಆ ದವಾಖಾನೆಯ ಬೆಂಚಿನ ಮೇಲೆ ಅತ್ತ ನನ್ನನ್ನು ಮಾತ್ರ ನೆನೆದು ಮರುಗಿದ್ದೆ. ಪೆಟ್ಟಿಗೆ ಎತ್ತಿಕೊಂಡು, ತನ್ನನ್ನು ನೋಡಿ ನಕ್ಕವರ ಊರಿಗೆ ಒಬ್ಬರೇ ತಿರುಗಿ ಹೋದ ಮನುಷ್ಯ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ನಾನೊಂದು ಮಾತು ಹೇಳಿದೆ ಎಂದು ಹೋದದ್ದು.

"ಚಳಿ ಇತ್ತಾ?" ಎಂದು ಕೇಳಿದೆ.

"ಭಯಂಕರ ಚಳಿ."

ಎದ್ದು ಹೋಗಿ ಕಪಾಟಿನಿಂದ ಉಣ್ಣೆಯ ಶಾಲು ತಂದು ಅವರ ಹೆಗಲಿಗೆ ಹೊದೆಸಿದೆ. ಕಾಂದಿವಲಿಯ ಮೇ ತಿಂಗಳು, ಇಬ್ಬರೂ ಬೆವರಿನಲ್ಲಿ ತೊಯ್ದಿದ್ದೆವು. ಅವರು ಶಾಲು ತೆಗೆಯಲಿಲ್ಲ.