ಬೇಲಿಯಾಚೆಯ ಕರಿ ಚುಕ್ಕೆ

ಅಕ್ಕ ಮದುವೆಯಾಗಿ ಖಾನಾಪುರಕ್ಕೆ ಹೋಗುವವರೆಗೆ ಹಿಂದವಾಡಿಯ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಎರಡು ಕುರ್ಚಿಗಳಿದ್ದವು. ನಾವಿಬ್ಬರೂ ಆಡುತ್ತಿದ್ದುದು ಒಂದೇ ಆಟ, ಕುದುರೆ ಸವಾರನದು. ಅದರ ಬಯಲಿನ ಕೊನೆಗೆ ಕಲ್ಲಿನ ಬೇಲಿಯೊಂದಿದೆ. ಅದನ್ನು ದಾಟಲು ಆಟ ಬಿಡುವುದಿಲ್ಲ. ಬೇಲಿಯಾಚೆ ಗುಡ್ಡ. ನಮ್ಮ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟು ದೂರದ್ದನ್ನು ಬಿಡಿಸುವ ಶಕ್ತಿ ಇರಲಿಲ್ಲ. ಗುಡ್ಡವನ್ನೆಲ್ಲ ಮಂಜಿನಲ್ಲಿ ಮುಚ್ಚಿ, ನೆತ್ತಿಯ ಮೇಲೆ ಒಂದು ಕರಿ ಚುಕ್ಕೆಯನ್ನಷ್ಟೇ ತೋರಿಸುತ್ತಿತ್ತು.

"ಮನಿ ಐತಿ ಅಲ್ಲೆ," ಅನ್ನುತ್ತಿದ್ದಳು ಅಕ್ಕ.

"ಕಲ್ಲ ಐತಿ."

"ನಿನ್ನ ತಲ್ಯಾಗ ಐತಿ ಕಲ್ಲ."

ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖನ್ನೂ ದಿನಚರಿಯಲ್ಲಿ ಬರೆಯುವವನು ನಾನು. ಆ ಜಗಳಕ್ಕೂ ಒಂದು ಪುಟವಿತ್ತು. ಅವಳು ಗೆದ್ದ ದಿನ ಎಡಕ್ಕೆ ಒಂದು ಗೆರೆ, ನಾನು ಗೆದ್ದ ದಿನ ಬಲಕ್ಕೆ. ಅವಳು ಹೋದ ಮೇಲೆ ಆ ಪುಟದಲ್ಲಿ ಗೆರೆ ಬೀಳಲಿಲ್ಲ.

ಈ ವರ್ಷ ನಾಗರ ಪಂಚಮಿಗೆ ಮೊದಲು ಹೊಸ ಕಾರ್ಡು ತಂದೆ. ಅಕ್ಕನನ್ನು ಹಬ್ಬಕ್ಕೆ ತವರಿಗೆ ಕರೆತಂದು ಗುಡ್ಡ ತೋರಿಸಬೇಕು ಎಂಬುದೇ ಆಸೆ. ರವಿವಾರ ಪೇಟೆ ಹತ್ತಿರದ ಅಂಗಡಿಯವರು ನಮ್ಮ ಮಾನಿಟರಿನ ವಯಸ್ಸು ಕೇಳಿ ನಕ್ಕರು. "ಎತ್ತು ಹೊಸಾದು, ಗಾಡಿ ಮುತ್ಯಾನ ಕಾಲದ್ದು. ಅದನ್ನೂ ಬದಲಸ್ರಿ." ನಾನು ಬದಲಿಸಲಿಲ್ಲ. ಹೊಸ ಕಾರ್ಡಿನಲ್ಲಿ ಹಳೆಯ ಕೇಬಲ್ ಕೂರುವ ಜಾಗವೇ ಇರದ ಕಾರಣ ನಡುವೆ ಸಿಕ್ಕಿಸಲು ಒಂದು ಕನ್ವರ್ಟರ್ ಕೊಂಡೆ. ದೂರದ್ದು ಸ್ಪಷ್ಟವಾಗಲೆಂದು ಚಿತ್ರವನ್ನು ಪರದೆಗಿಂತ ದೊಡ್ಡದಾಗಿ ಬಿಡಿಸಿ, ಆಮೇಲೆ ಕುಗ್ಗಿಸಿ ತೋರಿಸುವ ಸೆಟ್ಟಿಂಗ್ ಹಾಕಿದೆ. ಸವಾರನನ್ನು ಬೇಲಿಯ ಹತ್ತಿರ ತಂದು, ಗುಡ್ಡಕ್ಕೆ ಬೆನ್ನು ಮಾಡಿ ನಿಲ್ಲಿಸಿದೆ. ಅಕ್ಕನಿಲ್ಲದೆ ತಿರುಗಿ ನೋಡಲು ಮನಸ್ಸಾಗಲಿಲ್ಲ.

ಹಬ್ಬದ ಹಿಂದಿನ ವಾರ ಅವಳ ಫೋನು ಬಂತು. ಬಸುರಿ ಅವಳು, ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರಂತೆ. ಹೆರಿಗೆಯೂ ಅಲ್ಲಿಯೇ.

ಹೊಸ ಕಾರ್ಡಿನ ಸುದ್ದಿ ಹೇಳಿದೆ. "ನೀ ನೋಡಿ ಹೇಳ," ಅಂದಳು.

ನೋಡಲಿಲ್ಲ. ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಮಾನಿಟರನ್ನು ಕಾಲುಗಳ ನಡುವೆ ಹಿಡಿದು ಖಾನಾಪುರದ ಬಸ್ಸಿನಲ್ಲಿ ಕೂತೆ. ಅವ್ವ ಕೊಟ್ಟ ಉಂಡಿಯ ಡಬ್ಬಿ ಬಗಲಲ್ಲಿತ್ತು.

ಬಾಗಿಲಲ್ಲೇ ಅಕ್ಕನ ಅತ್ತೆ ಗಂಟು ನೋಡಿದರು. "ಪಂಚಮಿಗೆ ಉಂಡಿ ತರೂದು ನೋಡೇನಿ. ಟಿವಿ ತರೂ ತಮ್ಮನ್ನ ಇವತ್ತ ನೋಡಿದೆ."

ಅಕ್ಕ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಅವಳೆದುರು ಎಲ್ಲ ಜೋಡಿಸಿ, ಆಟ ತೆರೆದು ಮೌಸ್ ಅವಳ ಕೈಗೆ ಕೊಟ್ಟೆ. ಸವಾರನನ್ನು ನಿಧಾನವಾಗಿ ತಿರುಗಿಸಿದಳು. ಮಂಜು ಇರಲಿಲ್ಲ. ಹುಲ್ಲು, ಪೊದೆ, ಗುಡ್ಡದ ಏರು, ಎಲ್ಲ ಬಿಡಿಬಿಡಿಯಾಗಿ ಕಂಡವು. ನೆತ್ತಿಯ ಮೇಲೆ ಆ ಕರಿ ಚುಕ್ಕೆ ಈಗ ಚುಕ್ಕೆಯಾಗಿರಲಿಲ್ಲ. ಅದಕ್ಕೊಂದು ನೇರ ಅಂಚು, ಒಂದು ಇಳಿಜಾರು ಬಂದಿತ್ತು. ಅಷ್ಟೇ. ಕಾರ್ಡು ಪೂರ್ತಿ ಬಿಡಿಸಿರಬಹುದು, ಆದರೆ ಅದನ್ನು ತೋರಿಸುವಷ್ಟು ಪಿಕ್ಸೆಲ್‌ಗಳು ಹಳೆಯ ಮಾನಿಟರಿನಲ್ಲಿರಲಿಲ್ಲ.

"ಬಾಗಲಾ ಕಾಣವಲ್ದೇನ ನಿನಗ?" ಅಂದಳು ಅಕ್ಕ.

"ನೆರಳದು. ಕಲ್ಲ ಐತಿ."

ಅತ್ತೆ ಬಗ್ಗಿ ನೋಡಿದರು. "ಇಬ್ಬರೂ ಹುಚ್ಚರದೀರಿ. ಎಮ್ಮಿ ಅದು."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗುವನ್ನು ಅಷ್ಟು ಹತ್ತಿರದಿಂದ ಕೇಳಿ ಎಷ್ಟು ದಿನವಾಗಿತ್ತೋ, ಅದನ್ನು ನಾನು ಬರೆದಿಟ್ಟಿಲ್ಲ.

ಸಂಜೆ ಗಂಟು ಕಟ್ಟುವಾಗ ಅವಳೇ ಕೌದಿಯ ತುದಿ ಹಿಡಿದಳು. "ಬರೂ ಪಂಚಮಿಗೆ ಕೂಸಿನ್ನ ಕರಕೊಂಡ ಬರ್ತೀನಿ. ಅಷ್ಟರಾಗ ದೊಡ್ಡ ಮಾನಿಟರ್ ತಂದಿಡು. ಆದ್ರ ನೀ ಒಬ್ಬನೇ ನೋಡಬ್ಯಾಡ."

ಮನೆಗೆ ಬಂದು ಎಲ್ಲವನ್ನೂ ಮತ್ತೆ ಜೋಡಿಸಿದೆ. ಸವಾರನನ್ನು ಗುಡ್ಡಕ್ಕೆ ಬೆನ್ನು ಮಾಡಿ ನಿಲ್ಲಿಸಿದೆ. ಅವಳ ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿತ್ತು. ಅದನ್ನು ಮಂಚಕ್ಕೆ ಹಾಕಿ, ಕುರ್ಚಿಯನ್ನು ನನ್ನದರ ಪಕ್ಕಕ್ಕೆ ಎಳೆದೆ.